ಹೊಲಿಗೆ ಒಣಗಿದ ಮೇಲೂ ಉಳಿಯುವ ನೋವು: ಸ್ತನ ಕ್ಯಾನ್ಸರ್ ಆಪರೇಷನ್ ನಂತರ ನಮ್ಮ ಹೆಂಗಸರ ಮನಸ್ಸು

ಆಸ್ಪತ್ರೆಯಿಂದ ಮನೆಗೆ ಬಂದವಳನ್ನು ನೋಡಲು ನೆಂಟರು ಬರುತ್ತಾರೆ. ಕೈಯಲ್ಲಿ ಕಿತ್ತಳೆ, ಸೇಬು, ಹಾರ್ಲಿಕ್ಸ್ ಬಾಟ್ಲಿ. "ಎಂತ ಆಪರೇಷನ್ ಆದದ್ದು?" ಅಂತ ಒಬ್ಬರು ಕೇಳುತ್ತಾರೆ. "ಒಂದು ಗಡ್ಡೆ ಇತ್ತು, ತೆಗೆದ್ರು" ಎಂದು ಉಮ್ಮ ಹೇಳಿ ಮಾತು ಮುಗಿಸುತ್ತಾರೆ. ಎಲ್ಲಿಯ ಗಡ್ಡೆ ಅಂತ ಯಾರೂ ಕೇಳುವುದಿಲ್ಲ. ಯಾರೂ ಹೇಳುವುದೂ ಇಲ್ಲ. ಹೊರಡುವಾಗ ಹಿರಿಯರೊಬ್ಬರು, "ಜೀವ ಉಳಿಯಿತಲ್ಲ, ಅಲ್ಹಮ್ದುಲಿಲ್ಲಾಹ್. ಇನ್ನೆಂತ ಬೇಕು?" ಎನ್ನುತ್ತಾರೆ. ಹಾಸಿಗೆಯಲ್ಲಿ ಇರುವವಳು ತಲೆ ಆಡಿಸುತ್ತಾಳೆ.

ಆದರೆ ಅವಳು ಎರಡು ವಾರದಿಂದ ಕನ್ನಡಿ ನೋಡಿಲ್ಲ. ಬಟ್ಟೆ ಬದಲಿಸುವಾಗ ಲೈಟ್ ಆಫ್ ಮಾಡುತ್ತಾಳೆ. ಗಲ್ಫಿನಲ್ಲಿರುವ ಗಂಡ ವಿಡಿಯೋ ಕಾಲ್ ಮಾಡಿದರೆ, "ನೆಟ್‌ವರ್ಕ್ ಸರಿ ಇಲ್ಲ" ಎಂದು ಕ್ಯಾಮೆರಾ ತಿರುಗಿಸುತ್ತಾಳೆ. ಎರಡೂವರೆ ವರ್ಷದ ಮಗು ಓಡಿ ಬಂದು ಎದೆಗೆ ಒರಗಿದರೆ ಬೆಚ್ಚಿ ಹಿಂದೆ ಸರಿಯುತ್ತಾಳೆ.

ಇದು ಒಬ್ಬರ ಕತೆಯಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಾಗಲಿ, ತಲಪಾಡಿ ದಾಟಿ ಮಂಗಳೂರು, ಬಂಟ್ವಾಳದಲ್ಲಾಗಲಿ, ಯಾವ ಮನೆಯಲ್ಲೂ ನಡೆಯಬಹುದಾದದ್ದು. ಆಪರೇಷನ್, ಕೀಮೋ, ರೇಡಿಯೇಶನ್ ಬಗ್ಗೆ ಈಗ ಜನ ಅಲ್ಪಸ್ವಲ್ಪ ಮಾತಾಡುತ್ತಾರೆ. ದುಡ್ಡು ಎಷ್ಟಾಯಿತು ಎಂದೂ ಮಾತಾಡುತ್ತಾರೆ. ಒಂದು ಅಂಗ ಹೋದ ಮೇಲೆ ಆ ಹೆಂಗಸಿನ ಮನಸ್ಸಿಗೆ ಏನಾಗುತ್ತದೆ ಎಂಬುದು ಮಾತ್ರ ಮಾತಿಗೆ ಬರುವುದೇ ಇಲ್ಲ. ಅದು ಏನು, ಯಾಕೆ, ಅದಕ್ಕೆ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಷ್ಟು ಜನರಿಗೆ, ಯಾವ ಆಪರೇಷನ್

ಭಾರತದಲ್ಲಿ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಸ್ತನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, ಸುಮಾರು 98 ಸಾವಿರ ಸಾವುಗಳು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಸರಾಸರಿ ಹತ್ತು ವರ್ಷ ಮೊದಲೇ ಈ ರೋಗ ಕಾಣಿಸಿಕೊಳ್ಳುತ್ತದೆ. ಅಂದರೆ ಮಕ್ಕಳು ಇನ್ನೂ ಶಾಲೆಗೆ ಹೋಗುವ ಪ್ರಾಯದ ತಾಯಂದಿರಿಗೆ.

ಆಪರೇಷನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಇಡೀ ಸ್ತನ ತೆಗೆಯುವುದು ಒಂದು. ಇದಕ್ಕೆ ಮಾಸ್ಟೆಕ್ಟಮಿ ಎನ್ನುತ್ತಾರೆ. ಗಡ್ಡೆ ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗವನ್ನು ಮಾತ್ರ ತೆಗೆದು, ಸ್ತನ ಉಳಿಸಿ, ನಂತರ ರೇಡಿಯೇಶನ್ ಕೊಡುವುದು ಇನ್ನೊಂದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿ ಬೆಳೆಸಿದರು. ಹೆಚ್ಚು ತೆಗೆದಷ್ಟು ಒಳ್ಳೆಯದು ಎಂದು ಡಾಕ್ಟರುಗಳು ಹಲವು ದಶಕ ನಂಬಿದರು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಉಂಬರ್ಟೋ ವೆರೊನೇಸಿ ನಡೆಸಿದ ಅಧ್ಯಯನಗಳು ಆ ನಂಬಿಕೆ ಬದಲಿಸಿದವು. 20 ವರ್ಷ ಮಹಿಳೆಯರನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಈ ಎರಡೂ ಅಧ್ಯಯನಗಳ ಸಾರ ಒಂದೇ. ಬೇಗ ಪತ್ತೆಯಾದ ರೋಗದಲ್ಲಿ ಸ್ತನ ಉಳಿಸಿ ರೇಡಿಯೇಶನ್ ಕೊಟ್ಟವರು, ಇಡೀ ಸ್ತನ ತೆಗೆಸಿಕೊಂಡವರಷ್ಟೇ ಕಾಲ ಬದುಕಿದರು.

ಆದರೂ ನಮ್ಮಲ್ಲಿ ಅನೇಕರಿಗೆ ಇಡೀ ಸ್ತನ ತೆಗೆಯಲೇಬೇಕಾಗುತ್ತದೆ. ಒಂದು ಕಾರಣ, ಬರುವಾಗಲೇ ತಡ. ಗಡ್ಡೆ ಕೈಗೆ ಸಿಕ್ಕಿದರೂ ಹೇಳಲು ನಾಚಿಕೆ. "ಆ ಜಾಗ" ಎನ್ನುವುದು ಬಿಟ್ಟು ಹೆಸರು ಹೇಳುವ ಅಭ್ಯಾಸ ಇಲ್ಲ. ಇನ್ನೊಂದು ಕಾರಣ, ವಾರಗಟ್ಟಲೆ ರೇಡಿಯೇಶನ್‌ಗೆ ದಿನಾ ಮಂಗಳೂರಿಗೋ ತಲಶ್ಶೇರಿಗೋ ಹೋಗಿ ಬರುವ ಕಷ್ಟ. ಆಪರೇಷನ್‌ಗೆ ಮೊದಲೇ "ನನಗೆ ಸ್ತನ ಉಳಿಸುವ ಆಪರೇಷನ್ ಆಗುತ್ತದಾ? ಇಲ್ಲವಾದರೆ ಯಾಕೆ ಇಲ್ಲ?" ಎಂದು ಡಾಕ್ಟರಲ್ಲಿ ಕೇಳುವ ಹಕ್ಕು ಪ್ರತಿ ಹೆಂಗಸಿಗೂ ಇದೆ. ಉತ್ತರ "ಆಗುವುದಿಲ್ಲ" ಎಂದೇ ಬಂದರೂ, ಕಾರಣ ಗೊತ್ತಿದ್ದು ಒಪ್ಪಿಕೊಂಡವಳಿಗೂ, ಗಂಡಸರೆಲ್ಲ ಸೇರಿ ತೀರ್ಮಾನ ಮಾಡಿ ಸಹಿ ಹಾಕಿಸಿದವಳಿಗೂ ನಂತರದ ದಿನಗಳಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಮನಸ್ಸಿನಲ್ಲಿ ಆಗುವುದೇನು

ನಮ್ಮ ದೇಹ ಹೇಗಿದೆ ಎಂಬ ಒಂದು ಚಿತ್ರ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುತ್ತದೆ. ಮೂವತ್ತು ನಲವತ್ತು ವರ್ಷದಲ್ಲಿ ಕಟ್ಟಿದ ಆ ಚಿತ್ರ ಒಂದು ದಿನದ ಆಪರೇಷನ್‌ನಲ್ಲಿ ಬದಲಾಗುವುದಿಲ್ಲ. ದೇಹ ಬದಲಾಗಿದೆ, ಚಿತ್ರ ಹಳೆಯದೇ ಇದೆ. ಇವೆರಡರ ನಡುವಿನ ಜಗಳವೇ ಆ ನೋವು.

ಇದರಲ್ಲಿ ಅನೇಕ ಸಂಗತಿ ಸೇರಿರುತ್ತವೆ. ಕನ್ನಡಿ ತಪ್ಪಿಸುವುದು, ಮೈ ಅರ್ಧ ಆಗಿದೆ ಎನಿಸುವುದು, ಮದುವೆ ಮನೆಗೆ ಹೋಗಲು ಮನಸ್ಸಿಲ್ಲದಿರುವುದು, ಗಂಡ ಹತ್ತಿರ ಬಂದರೆ ಹೆದರಿಕೆ. ಕೆಲವರಿಗೆ ಇಲ್ಲದ ಸ್ತನದಲ್ಲೇ ತುರಿಕೆ, ನೋವು ಬಂದಂತೆ ಆಗುತ್ತದೆ. ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲು ನೋಯುವ ಹಾಗೆಯೇ ಇದು. ಮಿದುಳಿನಲ್ಲಿ ಆ ಭಾಗದ ನಕ್ಷೆ ಇನ್ನೂ ಅಳಿಯದಿರುವುದರಿಂದ ಹೀಗಾಗುತ್ತದೆ. ಇದು ಹುಚ್ಚೂ ಅಲ್ಲ, ಶೈತಾನನ ಉಪದ್ರವೂ ಅಲ್ಲ.

ಮೊಲೆಯುಣಿಸಿದ ತಾಯಿಗೆ ಇದು ಇನ್ನೊಂದು ರೀತಿ ತಾಗುತ್ತದೆ. ಕೀಮೋದಿಂದ ತಲೆಕೂದಲು, ಹುಬ್ಬು ಉದುರುತ್ತದೆ. ಹೊರಗೆ ಹೋಗುವಾಗ ಮಫ್ತಾ ಎಲ್ಲವನ್ನೂ ಮುಚ್ಚುತ್ತದೆ. "ನಿಮಗೆ ಸುಲಭ, ಯಾರಿಗೂ ಗೊತ್ತಾಗುವುದಿಲ್ಲ" ಎಂದು ಕೆಲವರು ಹೇಳುವುದೂ ಉಂಟು. ಆದರೆ ಅವಳ ಸಂಕಟ ಬೀದಿಯಲ್ಲಿ ಅಲ್ಲ. ಮಫ್ತಾ ತೆಗೆಯುವ ಮನೆಯೊಳಗೆ, ಬಚ್ಚಲಿನಲ್ಲಿ, ಮಲಗುವ ಕೋಣೆಯಲ್ಲಿ. ಕೂದಲು ಕೀಮೋ ಮುಗಿದ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಸ್ತನ ಬೆಳೆಯುವುದಿಲ್ಲ.

ಕ್ಯಾನ್ಸರ್ ವಿಭಾಗಗಳಲ್ಲಿ ಈ ಸಂಕಟವನ್ನು ಅಳೆಯಲೆಂದೇ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಬ್ರಿಟನ್ನಿನ ಪೆನ್ನಿ ಹಾಪ್‌ವುಡ್ ಮತ್ತು ಸಂಗಡಿಗರು 2001ರಲ್ಲಿ ಅದನ್ನು ಪ್ರಕಟಿಸಿದರು. ತನ್ನ ರೂಪದ ಬಗ್ಗೆ ಮುಜುಗರ ಇದೆಯೇ, ತನ್ನನ್ನು ತಾನೇ ನೋಡಿಕೊಳ್ಳಲು ಕಷ್ಟ ಆಗುತ್ತದೆಯೇ, ಜನರಿಂದ ದೂರ ಉಳಿಯುತ್ತಿದ್ದೀರಾ, ಗಾಯದ ಗುರುತಿನಿಂದ ಬೇಸರ ಇದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ವೈದ್ಯಶಾಸ್ತ್ರವೇ ಅಳೆದು ನೋಡುವ ನೋವನ್ನು ಮನೆಯವರು "ಸೌಂದರ್ಯದ ಚಿಂತೆ" ಅಂತ ತಳ್ಳಿಹಾಕುವುದು ಸರಿಯಲ್ಲ.

ಅತ್ತರೆ ಸಬ್ರ್ ಇಲ್ಲ ಎಂದು ಅರ್ಥವೇ?

ನಮ್ಮ ಸಮುದಾಯದಲ್ಲಿ ಈ ಹೆಂಗಸರ ಬಾಯಿ ಮುಚ್ಚಿಸುವುದು ಕೆಟ್ಟ ಮಾತಲ್ಲ, ಒಳ್ಳೆಯ ಮಾತೇ. "ಸಬ್ರ್ ಮಾಡು." "ಶುಕ್ರ್ ಹೇಳು." "ಅಲ್ಲಾಹು ಕೊಟ್ಟದ್ದು, ಅಲ್ಲಾಹು ತೆಗೆದದ್ದು." ಈ ಮಾತುಗಳಲ್ಲಿ ತಪ್ಪಿಲ್ಲ. ಆದರೆ ಅಳುತ್ತಿರುವವಳಿಗೆ ಹೇಳಿದಾಗ ಅವಳಿಗೆ ಕೇಳಿಸುವುದು "ನೀನು ಅಳುವುದು ಪಾಪ" ಎಂದು.

ಕುರ್‌ಆನ್‌ನಲ್ಲಿ ಬರುವ ಪ್ರವಾದಿ ಯಅ್‌ಕೂಬ್ (ಅ.ಸ.) ಅವರ ವೃತ್ತಾಂತ ಎಲ್ಲರೂ ಮದ್ರಸದಲ್ಲಿ ಕೇಳಿದ್ದೇವೆ. ಮಗ ಯೂಸುಫ್ ಕಾಣೆಯಾದಾಗ ಸುಂದರವಾದ ಸಹನೆಯ ಮಾತಾಡಿದವರು ಅವರೇ. ಅದೇ ಮಗನಿಗಾಗಿ ಅತ್ತು ಅತ್ತು ಕಣ್ಣು ಬೆಳ್ಳಗಾದದ್ದೂ ಅವರಿಗೇ. ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಸಹನೆಯೂ ಕಣ್ಣೀರೂ ಒಬ್ಬರಲ್ಲೇ ಇತ್ತು. ಪ್ರವಾದಿ ಮುಹಮ್ಮದ್ (ಸ) ಅವರು ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದ್ದರು. ಹೀಗಿರುವಾಗ ದೇಹದ ಒಂದು ಭಾಗ ಕಳೆದುಕೊಂಡವಳು ಅದಕ್ಕಾಗಿ ಅತ್ತರೆ ಈಮಾನ್ ಕಡಿಮೆಯಾಯಿತು ಎನ್ನಲು ಯಾರಿಗೆ ಅಧಿಕಾರ?

ಇನ್ನೊಂದು ಮಾತು ಇದೆ: "ಧೈರ್ಯವಾಗಿರು, ಇಲ್ಲದಿದ್ದರೆ ರೋಗ ವಾಪಸ್ ಬರುತ್ತದೆ." ಇದು ಬಹಳ ಅನ್ಯಾಯದ ಮಾತು. ಬ್ರಿಟನ್‌ನಲ್ಲಿ ಸ್ತನ ಕ್ಯಾನ್ಸರ್ ಆದ 578 ಮಹಿಳೆಯರನ್ನು ಐದು ವರ್ಷ ಗಮನಿಸಿದ ಅಧ್ಯಯನ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 'ಹೋರಾಟದ ಮನೋಭಾವ' ಇದ್ದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಆದರೆ ತೀರಾ ನಿರಾಶೆ, ಖಿನ್ನತೆಗೆ ಜಾರಿದವರ ಸ್ಥಿತಿ ಉಳಿದವರಿಗಿಂತ ಕೆಟ್ಟದಾಗಿ ಹೋಯಿತು ಎಂದು ಕಂಡುಬಂತು. ಇದರಿಂದ ತಿಳಿಯಬೇಕಾದದ್ದು ಇಷ್ಟು: ನಗುಮುಖದ ನಾಟಕ ಆಡಿಸುವುದು ಬೇಡ, ಖಿನ್ನತೆ ಬಂದರೆ ಮಾತ್ರ ಅದಕ್ಕೆ ಚಿಕಿತ್ಸೆ ಕೊಡಿಸಲೇಬೇಕು.

ಕಷ್ಟವನ್ನು ಜನ ಹೇಗೆ ನಿಭಾಯಿಸುತ್ತಾರೆ ಎಂದು ಅಧ್ಯಯನ ಮಾಡಿದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಎರಡು ದಾರಿ ಗುರುತಿಸಿದರು. ಸಮಸ್ಯೆಗೇ ಕೈ ಹಾಕಿ ಬದಲಿಸುವುದು ಒಂದು. ಬದಲಿಸಲಾಗದ್ದು ಎದುರಾದಾಗ ಮನಸ್ಸನ್ನು ಸಂಭಾಳಿಸುವುದು ಇನ್ನೊಂದು. ಕೈ ಬಾವು, ಬಟ್ಟೆ ಸರಿ ಕೂರದಿರುವುದು, ನೋವು ಇವೆಲ್ಲ ಮೊದಲ ದಾರಿಯವು, ಉಪಾಯ ಇದೆ. ಹೋದ ಅಂಗ ಎರಡನೆಯದರದ್ದು. ಅಲ್ಲಿ ನಮಾಝ್, ದುಆ, ಆಪ್ತರ ಜೊತೆ ಮಾತು, ಅಳು, ಕಾಲ ಎಲ್ಲವೂ ಬೇಕು. ಉಪಾಯ ಇರುವ ಕಡೆ ಬರೀ ಸಬ್ರ್ ಹೇಳುವುದು, ಸಮಾಧಾನ ಬೇಕಾದ ಕಡೆ ಬರೀ ಉಪದೇಶ ಕೊಡುವುದು ಎರಡೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಸಲ ನೋಡುವುದು

ಗಾಯ ನೋಡಲು ಯಾವ ಗಡುವೂ ಇಲ್ಲ. ಕೆಲವರು ಡ್ರೆಸ್ಸಿಂಗ್ ಬಿಚ್ಚುವ ದಿನವೇ ನೋಡುತ್ತಾರೆ, ಕೆಲವರಿಗೆ ತಿಂಗಳು ಬೇಕು. ಒಂಟಿಯಾಗಿ ನೋಡುವುದಕ್ಕಿಂತ ನರ್ಸ್ ಅಥವಾ ನಂಬಿಕೆಯ ಒಬ್ಬ ಹೆಂಗಸು ಜೊತೆಗಿದ್ದರೆ ಅನೇಕರಿಗೆ ಸಲೀಸು. ಮೊದಲು ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದು, ಆಮೇಲೆ ಬಟ್ಟೆಯ ಮೇಲಿನಿಂದ ಮುಟ್ಟುವುದು, ಗಾಯ ಪೂರ್ತಿ ಒಣಗಿದ ಮೇಲೆ ಡಾಕ್ಟರ್ ಒಪ್ಪಿದರೆ ಎಣ್ಣೆಯೋ ಕ್ರೀಮೋ ಹಚ್ಚಿ ಮೆಲ್ಲಗೆ ತಿಕ್ಕುವುದು. ಹೀಗೆ ಹಂತ ಹಂತವಾಗಿ ಮಾಡಿದರೆ ಮನಸ್ಸಿನ ಹಳೆಯ ಚಿತ್ರ ನಿಧಾನಕ್ಕೆ ಹೊಸದಕ್ಕೆ ಹೊಂದಿಕೊಳ್ಳುತ್ತದೆ. ಶುರುವಿನಲ್ಲಿ ಕೆಂಪಾಗಿ ಉಬ್ಬಿದ ಗುರುತು ತಿಂಗಳುಗಳು ಕಳೆದಂತೆ ಮಾಸುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಹೆದರಿಕೆ ಕಡಿಮೆ.

ಗಂಡನ ಪಾಲು

ಹೆಚ್ಚಿನ ಹೆಂಗಸರ ಒಳಗಿನ ಪ್ರಶ್ನೆ ಒಂದೇ: "ಇನ್ನು ನಾನು ಅವರಿಗೆ ಬೇಕಾ?" ಬಿಟ್ಟುಬಿಡುತ್ತಾರೋ, ಇನ್ನೊಂದು ಮದುವೆ ಆಗುತ್ತಾರೋ ಎಂಬ ಹೆದರಿಕೆಯನ್ನು ಅವರು ಯಾರ ಹತ್ತಿರವೂ ಹೇಳುವುದಿಲ್ಲ. ಗಂಡನಿಗೋ ಬೇರೆಯೇ ಹೆದರಿಕೆ. ಮುಟ್ಟಿದರೆ ನೋವಾದೀತು, ಮಾತಾಡಿದರೆ ಬೇಸರವಾದೀತು ಎಂದು ದೂರ ಕೂರುತ್ತಾನೆ. ಅವಳು ಅದನ್ನು ಅಸಹ್ಯ ಅಂತ ತಿಳಿಯುತ್ತಾಳೆ. ಇಬ್ಬರೂ ಸುಮ್ಮನಿದ್ದು ಇಬ್ಬರೂ ತಪ್ಪು ತಿಳಿಯುತ್ತಾರೆ.

ಗಂಡ ಗಲ್ಫಿನಲ್ಲಿದ್ದರೆ ಇದು ಇನ್ನೂ ಉದ್ದ ಎಳೆಯುತ್ತದೆ. ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಅವಳು ಆ ಒಂದು ದಿನವನ್ನು ನೆನೆದು ಹೆದರುತ್ತಲೇ ಇರುತ್ತಾಳೆ. ದುಡ್ಡು ಕಳಿಸುವುದು ದೊಡ್ಡದೇ. ಆದರೆ ಅದರ ಜೊತೆ ಫೋನಿನಲ್ಲಿ ಒಂದು ನೇರ ಮಾತು ಬೇಕು: "ನೀನು ಇದ್ದೀಯಲ್ಲ, ನನಗೆ ಅಷ್ಟು ಸಾಕು. ಗಾಯ ತೋರಿಸಲು ನಿನಗೆ ಮನಸ್ಸು ಬಂದಾಗ ತೋರಿಸು, ಅವಸರ ಇಲ್ಲ." ಆಪರೇಷನ್ ಸಮಯದಲ್ಲಿ ಬರಲಾಗದಿದ್ದರೆ, ಚಿಕಿತ್ಸೆ ಮುಗಿಯುವ ಸಮಯಕ್ಕಾದರೂ ಬರಲು ಪ್ರಯತ್ನಿಸಬಹುದು. ಎಲ್ಲರೂ ಬಂದು ಹೋಗಿ ಮನೆ ಖಾಲಿಯಾದ ಆ ದಿನಗಳಲ್ಲೇ ಅನೇಕರಿಗೆ ಮನಸ್ಸು ಕುಸಿಯುವುದು.

ದಾಂಪತ್ಯದ ಬಗ್ಗೆ ಡಾಕ್ಟರಲ್ಲಿ ಕೇಳಲು ನಾಚಿಕೆ ಬೇಡ. ಕೀಮೋ ಮತ್ತು ಹಾರ್ಮೋನ್ ಮಾತ್ರೆಗಳಿಂದ ಬೇಗ ಮುಟ್ಟು ನಿಲ್ಲಬಹುದು, ಮೈ ಬಿಸಿಯೇರಬಹುದು, ಒಣಗುವಿಕೆಯಿಂದ ನೋವಾಗಬಹುದು. ಇದು ಪ್ರೀತಿ ಕಡಿಮೆಯಾದದ್ದಲ್ಲ, ಔಷಧದ ಪರಿಣಾಮ. ಪರಿಹಾರ ಇದೆ. ಆದರೆ ಅಂಗಡಿಯಿಂದ ಹಾರ್ಮೋನ್ ಇರುವ ಯಾವ ಔಷಧವನ್ನೂ ಸ್ವಂತವಾಗಿ ತರಬಾರದು. ಕ್ಯಾನ್ಸರ್ ಡಾಕ್ಟರನ್ನೇ ಕೇಳಬೇಕು.

ಕೃತಕ ಸ್ತನ, ಮರುರಚನೆ: ಇದು ಶೋಕಿಯೇ?

ಒಂದು ಬದಿ ಖಾಲಿಯಾದಾಗ ರವಿಕೆ, ಚೂಡಿದಾರ್ ಸರಿ ಕೂರುವುದಿಲ್ಲ. ದೊಡ್ಡ ಮೈಯವರಿಗೆ ತೂಕ ಒಂದೇ ಬದಿಗೆ ಬಿದ್ದು ಹೆಗಲು, ಬೆನ್ನು ನೋಯುವುದೂ ಉಂಟು. ಇದಕ್ಕೆ ಹಲವು ದಾರಿ ಇದೆ.

ಆಪರೇಷನ್ ಆದ ಮೊದಲ ವಾರಗಳಲ್ಲಿ ಹಗುರವಾದ, ಮೆತ್ತಗಿನ ಹತ್ತಿ ಪ್ಯಾಡ್ ಸಾಕು. ಗಾಯ ಪೂರ್ತಿ ಒಣಗಿದ ಮೇಲೆ ಸ್ತನದಷ್ಟೇ ತೂಕದ ಸಿಲಿಕಾನ್ ಕೃತಕ ಸ್ತನ ಬಳಸಬಹುದು. ಜೇಬು ಇರುವ ವಿಶೇಷ ಬ್ರಾದಲ್ಲಿ ಅದನ್ನು ಇಡುತ್ತಾರೆ. ಇದಕ್ಕೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ, ಎಲ್ಲರ ಕೈಗೆಟಕುವುದಿಲ್ಲ. ನಮ್ಮ ಸೆಖೆಯಲ್ಲಿ ಬೆವರುವುದೂ ಒಂದು ತೊಂದರೆ. ಅದಕ್ಕೇ ಹತ್ತಿ ನೂಲಿನಿಂದ ಕೈಯಲ್ಲಿ ಹೆಣೆದ ಹಗುರ ಕೃತಕ ಸ್ತನಗಳು ಅನೇಕರಿಗೆ ಹಿಡಿಸಿವೆ. ಅಮೆರಿಕದಲ್ಲಿ 'ನಿಟೆಡ್ ನಾಕರ್ಸ್' ಎಂಬ ಹೆಸರಲ್ಲಿ ಶುರುವಾದ ಈ ಕೆಲಸವನ್ನು ಭಾರತದಲ್ಲೂ ಸ್ವಯಂಸೇವಕಿಯರು ಮಾಡುತ್ತಾರೆ, ರೋಗಿಗಳಿಗೆ ಉಚಿತವಾಗಿ ಕೊಡುತ್ತಾರೆ. ಊರಿನ ಟೈಲರ್ ಹೆಂಗಸಿಗೆ ಹೇಳಿದರೆ ಸಾಮಾನ್ಯ ಬ್ರಾಗೇ ಒಳಗಿನಿಂದ ಹತ್ತಿಬಟ್ಟೆಯ ಜೇಬು ಹೊಲಿದುಕೊಡಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ.

ಇನ್ನೊಂದು ದಾರಿ ಪ್ಲಾಸ್ಟಿಕ್ ಸರ್ಜರಿ ಮೂಲಕ ಸ್ತನ ಮರುರಚನೆ. ಸಿಲಿಕಾನ್ ಇಂಪ್ಲಾಂಟ್ ಇಟ್ಟೋ, ಹೊಟ್ಟೆ ಅಥವಾ ಬೆನ್ನಿನ ಸ್ವಂತ ಮಾಂಸ ತೆಗೆದು ಜೋಡಿಸಿಯೋ ಮಾಡುತ್ತಾರೆ. ಆಪರೇಷನ್ ಜೊತೆಗೇ ಮಾಡಬಹುದು, ವರ್ಷಗಳ ನಂತರವೂ ಮಾಡಬಹುದು. ರೇಡಿಯೇಶನ್ ಇದ್ದರೆ ಇಂಪ್ಲಾಂಟ್‌ನಲ್ಲಿ ತೊಂದರೆ ಹೆಚ್ಚು, ಆದ್ದರಿಂದ ಸಮಯ ಡಾಕ್ಟರ್ ಹೇಳಬೇಕು. ಮರುರಚನೆ ಮಾಡಿದ್ದರಿಂದ ಕ್ಯಾನ್ಸರ್ ವಾಪಸ್ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ.

"ಅಲ್ಲಾಹನ ಸೃಷ್ಟಿಯನ್ನು ಬದಲಿಸಬಾರದಲ್ಲ?" ಎಂದು ಅನೇಕ ಹೆಂಗಸರು ಹಿಂಜರಿಯುತ್ತಾರೆ. ಅರ್ಫಜಾ ಎಂಬ ಸಹಾಬಿಯೊಬ್ಬರು ಯುದ್ಧದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಇಟ್ಟಾಗ ವಾಸನೆ ಬಂತು. ಆಗ ಪ್ರವಾದಿ (ಸ) ಅವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು ಎಂದು ಅಬೂದಾವೂದ್, ತಿರ್ಮಿದಿ ಹದೀಸ್ ಗ್ರಂಥಗಳಲ್ಲಿದೆ. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಲ್ಲಿ ವಿನಾಯಿತಿ ಸಿಕ್ಕಿತು. ಕಳೆದುಹೋದ ಅಂಗವನ್ನು ಸರಿಪಡಿಸುವುದು ಬೇರೆ, ಇದ್ದುದನ್ನು ಶೋಕಿಗಾಗಿ ಬದಲಿಸುವುದು ಬೇರೆ ಎಂದು ವಿದ್ವಾಂಸರು ಇದರಿಂದ ವಿವರಿಸುತ್ತಾರೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ, ರೋಗದಿಂದಾದ ಊನ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಅನುಮತಿ ಇದೆ ಎಂದು ತೀರ್ಮಾನಿಸಿತು. ಸ್ತನ ತೆಗೆದ ನಂತರದ ಮರುರಚನೆಯನ್ನು ಅದರಲ್ಲಿ ಹೆಸರಿಸಿಯೇ ಹೇಳಿದೆ. ವೈಯಕ್ತಿಕ ಸಂಶಯಗಳಿದ್ದರೆ ನಂಬಿಕೆಯ ಉಸ್ತಾದರಲ್ಲಿ ಕೇಳಬಹುದು. ನೇರ ಕೇಳಲು ನಾಚಿಕೆಯಾದರೆ ಅವರ ಮನೆಯವರ ಮೂಲಕ ಕೇಳಿಸಬಹುದು.

ದುಡ್ಡಿನ ಒಂದು ವಿಷಯವೂ ಗೊತ್ತಿರಲಿ. ಆರೋಗ್ಯ ವಿಮೆಯಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಹಣ ಸಿಗುವುದಿಲ್ಲ ಎಂಬ ಷರತ್ತು ಇರುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪೆನಿಗಳಿಗೆ ನಿಗದಿ ಮಾಡಿದ ಮಾದರಿ ಷರತ್ತಿನಲ್ಲೇ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುರಚನೆಗೆ ಆ ನಿಷೇಧ ಅನ್ವಯಿಸುವುದಿಲ್ಲ ಎಂದು ಬರೆದಿದೆ. "ಇದು ಕಾಸ್ಮೆಟಿಕ್" ಎಂದು ಕ್ಲೈಮ್ ತಿರಸ್ಕರಿಸಿದರೆ ಆ ಸಾಲನ್ನು ತೋರಿಸಿ ಕೇಳಬೇಕು. ಕಾಸರಗೋಡಿನವರಿಗೆ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಯಾವ ಆಸ್ಪತ್ರೆಯಲ್ಲಿ, ಯಾವುದಕ್ಕೆ ಸಿಗುತ್ತದೆ ಎಂದು ಅಡ್ಮಿಟ್ ಆಗುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಏನೂ ಬೇಡ, ಹೀಗೇ ಇರುತ್ತೇನೆ ಎನ್ನುವವರೂ ಇದ್ದಾರೆ. ಅದೂ ಸರಿಯೇ. ತೀರ್ಮಾನ ಅವಳದ್ದಾಗಿರಬೇಕು, ಅಷ್ಟೇ.

ಕೈಯನ್ನು ಮರೆಯಬೇಡಿ

ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಬದಿಯ ಕೈ ಬಾತುಕೊಳ್ಳುವ ಸಂಭವ ಇದೆ. ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ. ತಿಂಗಳುಗಳ ಅಥವಾ ವರ್ಷಗಳ ನಂತರವೂ ಬರಬಹುದು. ಬಳೆ ಏರುವುದಿಲ್ಲ, ತೋಳು ಬಿಗಿಯುತ್ತದೆ. ಸ್ತನ ಬಟ್ಟೆಯೊಳಗಿರುತ್ತದೆ, ಕೈ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಇದೂ ಮನಸ್ಸಿಗೆ ತಾಗುವ ವಿಷಯ.

ಮೊದಲೆಲ್ಲ "ಆ ಕೈಯಲ್ಲಿ ಏನನ್ನೂ ಎತ್ತಬೇಡ" ಎನ್ನುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, ತರಬೇತಿಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರೆ ಬಾವು ಹೆಚ್ಚುವುದಿಲ್ಲ ಎಂದು ತೋರಿಸಿತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲೆತ್ತುವುದು, ಹೆಗಲು ತಿರುಗಿಸುವುದು ದಿನಾ ಮಾಡಬೇಕು. ಬಾವು ಕಂಡ ಕೂಡಲೇ ತೋರಿಸಬೇಕು. ನಮಾಝಿನಲ್ಲಿ ಕೈ ಎತ್ತುವುದು, ಸುಜೂದ್ ಮಾಡುವುದು ಶುರುವಿನಲ್ಲಿ ಕಷ್ಟವಾದರೆ ಆಗುವ ರೀತಿಯಲ್ಲಿ, ಕುಳಿತು ಮಾಡುವ ಸೌಕರ್ಯ ದೀನ್ ಕೊಟ್ಟಿದೆ. ಮತ್ತೆ ಮೊದಲಿನಂತೆ ತಕ್ಬೀರಿಗೆ ಕೈ ಎತ್ತಲು ಆದ ದಿನ ಎಷ್ಟೋ ಹೆಂಗಸರಿಗೆ ದೊಡ್ಡ ದಿನ.

ಯಾವಾಗ ಸಹಾಯ ಬೇಕು

ದುಃಖ ಸಹಜ. ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಬಿಡುವುದು, ಚಿಕಿತ್ಸೆಗೆ ಹೋಗುವುದಿಲ್ಲ ಎನ್ನುವುದು, ಮಕ್ಕಳ ಮುಖ ನೋಡದಿರುವುದು, "ನಾನು ಸತ್ತರೆ ಎಲ್ಲರಿಗೂ ಸಲೀಸು" ಎನ್ನುವುದು ಖಿನ್ನತೆಯ ಲಕ್ಷಣ. ಆಗ ಮನೋವೈದ್ಯರಲ್ಲಿ ಕರೆದುಕೊಂಡು ಹೋಗಬೇಕು. ಓದಿಸುವುದು, ಮಂತ್ರಿಸುವುದು ಮನಸ್ಸಿಗೆ ನೆಮ್ಮದಿ ಕೊಡಬಹುದು. ಅದು ಚಿಕಿತ್ಸೆಯ ಜೊತೆಗೆ ಇರಲಿ, ಚಿಕಿತ್ಸೆಯ ಬದಲು ಆಗುವುದು ಬೇಡ. ಟಾಮೊಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮನೋವೈದ್ಯರಿಗೆ ತಪ್ಪದೆ ಹೇಳಬೇಕು. ಖಿನ್ನತೆಯ ಕೆಲವು ಔಷಧಗಳು ಅದರ ಕೆಲಸವನ್ನು ಕುಗ್ಗಿಸುತ್ತವೆ, ಬೇರೆ ಔಷಧ ಆರಿಸಲು ಅವರಿಗೆ ಅನುಕೂಲ.

ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆ. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಕೇರಳದ ಪಂಚಾಯತ್‌ಗಳಲ್ಲಿ ಪಾಲಿಯೇಟಿವ್ ನರ್ಸ್ ಮನೆಗೇ ಬರುವ ವ್ಯವಸ್ಥೆ ಇದೆ. ಪಾಲಿಯೇಟಿವ್ ಅಂದರೆ ಸಾಯುವವರಿಗೆ ಮಾತ್ರ ಎಂದು ತಿಳಿದು ಅನೇಕರು ಬೇಡ ಎನ್ನುತ್ತಾರೆ. ಹಾಗಲ್ಲ. ನೋವು, ಕೈ ಬಾವು, ಮನಸ್ಸಿನ ಭಾರ ಇದ್ದವರಿಗೂ ಅದು ಇದೆ. ಕೌನ್ಸೆಲಿಂಗ್ ಕೇಳುವಾಗ ಭಾಷೆಯ ವಿಷಯ ಹೇಳಿಕೊಳ್ಳಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್ ಎನ್ನುವ ನಮ್ಮ ಹೆಂಗಸರು ಮನಸ್ಸಿನ ಮಾತನ್ನು ಮನಸ್ಸಿನ ಭಾಷೆಯಲ್ಲೇ ಹೇಳಬೇಕಲ್ಲ.

ಊರಿನವರು ಮಾಡಬಹುದಾದದ್ದು

1952ರಲ್ಲಿ ನ್ಯೂಯಾರ್ಕ್‌ನ ಟೆರೀಸ್ ಲ್ಯಾಸರ್ ಎಂಬ ಮಹಿಳೆ, ತನಗೆ ಸ್ತನ ತೆಗೆದ ಮೇಲೆ ಅದೇ ಆಪರೇಷನ್ ಆದ ಬೇರೆ ಹೆಂಗಸರನ್ನು ಆಸ್ಪತ್ರೆಗೆ ಹೋಗಿ ಭೇಟಿಯಾಗಲು ಶುರು ಮಾಡಿದರು. ಅದು 'ರೀಚ್ ಟು ರಿಕವರಿ' ಎಂಬ ದೊಡ್ಡ ಕಾರ್ಯಕ್ರಮವಾಗಿ ಬೆಳೆಯಿತು. ಅದರ ಮೂಲ ಸರಳ: ಇದನ್ನು ದಾಟಿ ಬಂದ ಒಬ್ಬಳು ಎದುರಿಗೆ ಕೂತು ಚಾ ಕುಡಿದು ನಗುತ್ತಾ ಮಾತಾಡಿದರೆ, ಹಾಸಿಗೆಯಲ್ಲಿದ್ದವಳಿಗೆ ಮುಂದಿನ ದಿನ ಕಾಣುತ್ತದೆ. ನಮ್ಮ ಜಮಾಅತ್‌ಗಳು ಚಿಕಿತ್ಸೆಗೆ ದುಡ್ಡು ಕೂಡಿಸುತ್ತವೆ, ಯುವಕರು ರಕ್ತ ಕೊಡುತ್ತಾರೆ, ರಾತ್ರಿ ಆಂಬ್ಯುಲೆನ್ಸ್ ಓಡಿಸುತ್ತಾರೆ. ಅದರ ಜೊತೆ ಆ ಮಹಲ್ಲಿನಲ್ಲಿ ಗುಣವಾದ ಒಬ್ಬ ಹೆಂಗಸು ಒಪ್ಪಿದರೆ ಹೊಸ ರೋಗಿಯ ಮನೆಗೆ ಹೋಗಿ ಬರುವ ಏರ್ಪಾಡು ಮಾಡಿದರೆ ಖರ್ಚು ಒಂದು ಆಟೋ ಬಾಡಿಗೆ. ಹೆಸರು ಹೊರಗೆ ಹೋಗದಂತೆ ನೋಡಿಕೊಳ್ಳಬೇಕು, ಅದು ಮುಖ್ಯ.

ಹೆಸರು ಯಾಕೆ ಅಡಗಿಸುತ್ತಾರೆ ಅಂದರೆ ಮಗಳ ಸಂಬಂಧದ ಚಿಂತೆ. "ಉಮ್ಮನಿಗೆ ಕ್ಯಾನ್ಸರ್" ಎಂದು ತಿಳಿದರೆ ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆ ಎಂಬ ಹೆದರಿಕೆ. ವಾಸ್ತವದಲ್ಲಿ ಸ್ತನ ಕ್ಯಾನ್ಸರ್‌ಗಳಲ್ಲಿ ನೇರವಾಗಿ ವಂಶವಾಹಿ ದೋಷದಿಂದ ಬರುವುದು ನೂರಕ್ಕೆ ಸುಮಾರು 5ರಿಂದ 10 ಮಾತ್ರ. ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವ ರೋಗವೂ ಅಲ್ಲ. ಸಂಬಂಧ ನೋಡುವ ಯುವಕರು ಮತ್ತು ಅವರ ಮನೆಯವರು ಇದನ್ನು ತಿಳಿದಿದ್ದರೆ ಎಷ್ಟೋ ತಾಯಂದಿರು ಗಡ್ಡೆ ಕಂಡ ದಿನವೇ ಡಾಕ್ಟರಲ್ಲಿ ಹೋದಾರು.

ಇನ್ನು ನೋಡಲು ಹೋಗುವವರ ವಿಷಯ. ಎದೆಯ ಕಡೆ ಕಣ್ಣು ಹಾಯಿಸಬೇಡಿ. ಯಾರ ದೃಷ್ಟಿ ತಾಗಿತೋ ಎನ್ನಬೇಡಿ. ಇದೇ ರೋಗದಲ್ಲಿ ಸತ್ತವರ ಹೆಸರು ತೆಗೆಯಬೇಡಿ. "ಹೇಗಿದ್ದೀ?" ಎಂದು ಕೇಳಿ ಉತ್ತರಕ್ಕೆ ಕಾಯಿರಿ. ಅವಳು ಅತ್ತರೆ ಅಳಲು ಬಿಡಿ. ಒಂದು ದಿನ ಅವಳ ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಒಂದು ದಿನ ಮೀನು ಸಾರು ಮಾಡಿ ಕಳಿಸಿ, ಆರು ತಿಂಗಳ ನಂತರವೂ ಒಮ್ಮೆ ಫೋನ್ ಮಾಡಿ.

ಮನೆಯ ಒಳಗೂ ಒಂದು ಬದಲಾವಣೆ ಸಾಧ್ಯ. "ಒಂದು ಗಡ್ಡೆ ಇತ್ತು" ಎಂದು ಉಮ್ಮ ಮಾತು ಮುಗಿಸಿದ ಮೇಲೆ, ನೆಂಟರು ಹೋದ ಮೇಲೆ, ಬಾಗಿಲು ಹಾಕಿಕೊಂಡು ಮಗಳ ಹತ್ತಿರ ಕೂತು "ನಿನಗೆ ಹೇಗೆ ಆಗ್ತಾ ಉಂಟು ಮಗಳೇ, ಹೇಳು" ಎಂದು ಕೇಳಬಹುದು. ಮೊದಲ ದಿನ ಅವಳು ಏನೂ ಹೇಳಲಿಕ್ಕಿಲ್ಲ. ಮರುದಿನ ಮತ್ತೆ ಕೇಳಬೇಕು.